ಚೀಟಿಯಕ್ಕ ಬಿಡಿಭಾಗಗಳಿಗೆ ಹೆಸರಿಟ್ಟ ಕಥೆ

ನಮ್ಮ ಬೀದಿಯಲ್ಲಿ ಆಕೆಯನ್ನು ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಚೀಟಿಯಕ್ಕ. ಇಪ್ಪತ್ತಾರು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಸೂಚಿ ಕಾರ್ಡು ಬರೆದವರು. ಹೊಸ ಪುಸ್ತಕ ಬಂತೆಂದರೆ ಅದರ ಹೆಸರು, ಬರೆದವರು, ಅಚ್ಚಾದ ವರ್ಷ, ಯಾವ ಕಪಾಟು, ಎಷ್ಟನೇ ಸಾಲು, ಎಲ್ಲವನ್ನೂ ಅಂಗೈ ಅಗಲದ ಕಾರ್ಡಿನ ಮೇಲೆ ದುಂಡಗೆ ಬರೆದು ಡ್ರಾಯರಿಗೆ ಸೇರಿಸುವುದು ಅವರ ಕೆಲಸ. ಆ ಚಾಳಿ ಮನೆಗೂ ಬಂತು. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ, ಸ್ವಿಚ್ಚುಗಳ ಪಕ್ಕ ಚೀಟಿ, ತಮ್ಮನ ಛತ್ರಿಯ ಹಿಡಿಗೂ ಒಂದು ಚೀಟಿ. ಚೀಟಿಗಳನ್ನು ಹಾಕಿಡುವ ಡಬ್ಬಿಯ ಮೇಲೆ ‘ಚೀಟಿ’ ಎಂದು ಬರೆದ ಚೀಟಿ ಇರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಾನು ಪಕ್ಕದ ಕನ್ನಡಕದ ಅಂಗಡಿಯವನು. ಅವರ ತಮ್ಮನ ಅಂಗಡಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ; ಆಚೆ ಕೆಮ್ಮಿದರೆ ಈಚೆ ಕೇಳಿಸುತ್ತದೆ. ಹಾಗಾಗಿ ಇದರಲ್ಲಿ ಅರ್ಧ ನಾನು ಕಂಡದ್ದು, ಒಂದಿಷ್ಟು ಗೋಡೆಯಾಚೆಯಿಂದ ಕಿವಿಗೆ ಬಿದ್ದದ್ದು, ಉಳಿದದ್ದು ಚೀಟಿಯಕ್ಕನೇ ಹೇಳಿದ್ದು.

ಗ್ರಂಥಾಲಯದ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅವರಿಗೆ ಕೆಲಸವಿಲ್ಲವಾಯಿತು. ಐವತ್ತಾರನೇ ವಯಸ್ಸಿಗೆ ಮನೆಗೆ ಬಂದರು. ಒಂದು ವಾರ ಸುಮ್ಮನೆ ಕೂತರು. ಎಂಟನೇ ದಿನ ತಮ್ಮನ ಅಂಗಡಿಗೆ ಬಂದು, ಸೆರಗು ಸಿಕ್ಕಿಸಿ, ಧೂಳು ಹೊಡೆಯಲು ನಿಂತರು.

ತಮ್ಮ ಹೊಲಿಗೆ ಯಂತ್ರ ರಿಪೇರಿಯವನು. ಹಳೆಯ ಯಂತ್ರ, ಅದೂ ಕಂಪನಿಯೇ ಮುಚ್ಚಿಹೋದಂಥ ಯಂತ್ರಗಳೆಂದರೆ ಅವನಿಗೆ ಪ್ರಾಣ. ಅಂಗಡಿಯೆಂದರೆ ಒಂದೇ ಕೋಣೆ, ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಮರದ ಡ್ರಾಯರುಗಳು. ಒಳಗೆ ಸ್ಪ್ರಿಂಗು, ತಿರುಪು, ಹಲ್ಲುಚಕ್ರ, ದಾರದ ಉರುಳೆ ಕೂರುವ ಬಾಬಿನ್ ಕೇಸು, ಎಲ್ಲಾ ಸೇರಿ ಸಾವಿರದ ನೂರಕ್ಕೂ ಮೇಲೆ. ಯಾವುದು ಎಲ್ಲಿದೆ ಎಂಬುದು ಅವನ ತಲೆಯಲ್ಲಿ ಮಾತ್ರ. ಅವನು ಜ್ವರ ಬಂದು ಮಲಗಿದರೆ ಅಂಗಡಿಯೂ ಮಲಗಿತು ಎಂದೇ ಲೆಕ್ಕ.

ಈ ತಮ್ಮ ಯಾರದೋ ಮಾತು ಕೇಳಿ ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿ ತೆರೆಸಿದ್ದ. ಬಿಡಿಭಾಗಗಳ ಫೋಟೋ, ಪಕ್ಕದಲ್ಲಿ ಬೆಲೆ, ಕೆಳಗೆ ‘ಕೊಳ್ಳಿ’ ಎಂಬ ಗುಂಡಿ. ಏಳು ತಿಂಗಳಲ್ಲಿ ಬಂದ ಆರ್ಡರು ಮೂರು. ಅದರಲ್ಲಿ ಒಂದು ಅವನ ಷಡ್ಡಕನದು, ಇನ್ನೊಂದು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡೋಣವೆಂದು ಅವನೇ ಮಾಡಿದ್ದು.

ಹೀಗಿರುವಾಗ ಒಂದು ಬೆಳಿಗ್ಗೆ ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗಿ ಹರಿದ ಬ್ಯಾಗು ಹಿಡಿದುಕೊಂಡು ಬಂದಳು. ಅವಳದು ಮನೆಯಲ್ಲೇ ಕೂತು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಬ್ಯಾಗಿನ ಜಿಪ್ಪನ್ನು ತಮ್ಮ ಹೊಲಿಯುತ್ತಿರುವಷ್ಟು ಹೊತ್ತು ಅವಳು ಸುಮ್ಮನಿರಲಾರದೆ ಫೋನಿನಲ್ಲಿ ಅವರ ಅಂಗಡಿಯ ಪುಟ ತೆರೆದಳು. ಆಮೇಲೆ ಹುಬ್ಬು ಗಂಟಿಕ್ಕಿ, ಇಲ್ಲಿ ಮನುಷ್ಯರಿಗೆ ಮಾತ್ರ ಅರ್ಥವಾಗುವ ಹಾಗೆ ಬರೆದಿದೆ ಎಂದಳು. ಮನುಷ್ಯರೇ ತಾನೇ ಕೊಳ್ಳುವವರು ಎಂದು ಚೀಟಿಯಕ್ಕ ಕೇಳಿದರು.

“ಕೊಳ್ಳೋರು ಮನುಷ್ಯರೇ ಅಕ್ಕ. ಆದ್ರೆ ಅವರನ್ನ ಇಲ್ಲಿಗೆ ಕರ್ಕೊಂಡು ಬರೋದು ಇಂಟರ್ನೆಟ್ಟಿನ ಹುಡುಕೋ ಯಂತ್ರ, ಸರ್ಚ್ ಎಂಜಿನ್ನು. ಇಲ್ನೋಡಿ, ನಾನೂರೈವತ್ತು ಅಂತಿದೆ. ಇದು ಬೆಲೆ ಅಂತ ನಿಮಗೊತ್ತು, ನನಗೊತ್ತು. ಅದಕ್ಕೆ ಹೇಗೆ ಗೊತ್ತಾಗ್ಬೇಕು? ತೂಕ ಇರಬಹುದು, ಯಾರದೋ ಮನೆ ನಂಬರೂ ಇರಬಹುದು. ಊಹೆ ಮಾಡುತ್ತೆ, ಒಮ್ಮೊಮ್ಮೆ ಗುರಿ ತಪ್ಪುತ್ತೆ.”

ಇದಕ್ಕೊಂದು ದಾರಿಯಿದೆ, ಸ್ಟ್ರಕ್ಚರ್ಡ್ ಡೇಟಾ ಅನ್ನುತ್ತಾರೆ ಎಂದು ಅವಳು ಬೇರೆ ಯಾವುದೋ ಅಂಗಡಿಯ ಪುಟದ ಒಳಭಾಗವನ್ನು ತೆರೆದು ತೋರಿಸಿದಳು. ಕೊಳ್ಳುವವರ ಕಣ್ಣಿಗೆ ಬೀಳದ, ಯಂತ್ರ ಮಾತ್ರ ಓದುವ ಒಂದಿಷ್ಟು ಸಾಲುಗಳು ಅಲ್ಲಿದ್ದವು. ಇದು ಮಾರಾಟದ ವಸ್ತು. ಇದರ ಹೆಸರು ಇದು. ತಯಾರಕರು ಇವರು. ತಯಾರಕರು ಕೊಟ್ಟ ಭಾಗದ ಸಂಖ್ಯೆ ಇದು. ಬೆಲೆ ಇಷ್ಟು. ಹೊಸದೋ ಬಳಸಿದ್ದೋ. ಅಂಗಡಿಯಲ್ಲಿ ಇದೆಯೋ ಇಲ್ಲವೋ.

ಚೀಟಿಯಕ್ಕ ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಅವರ ದನಿ ಏರಿದ್ದು ನನಗೆ ಗೋಡೆಯಾಚೆಗೆ ಕೇಳಿಸಿತು.

“ಇದು ಸೂಚಿ ಕಾರ್ಡು ಕಣಮ್ಮ. ನಾನು ಇಪ್ಪತ್ತಾರು ವರ್ಷ ಬರೆದಿದ್ದು ಇದನ್ನೇ.”

ಅಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಲಿಲ್ಲ. ನನ್ನ ಅಂಗಡಿಗೆ ಬಂದು, ನನಗೆ ಗೊತ್ತಾಗಲಿ ಬಿಡಲಿ, ಕಾಲು ಗಂಟೆ ಹೇಳಿದರು. ಗಿರಾಕಿಯೊಬ್ಬರು ಫ್ರೇಮು ನೋಡುತ್ತಿದ್ದರು, ಅವರಿಗೂ ಹೇಳಿದರು. ಅದಕ್ಕೆ ‘ಒಳಚೀಟಿ’ ಎಂದು ಅವರೇ ಹೆಸರಿಟ್ಟರು. ಈಗ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ಮಾರನೆಯ ದಿನವೇ ಪಾಠ ಶುರು. ಹುಡುಗಿ ಒಂದು ಮಾದರಿ ಕೊಟ್ಟು, ಒಂದೇ ಒಂದು ಬಾಬಿನ್ ಕೇಸಿಗೆ ಒಳಚೀಟಿ ಬರೆದು ತನ್ನಿ ಎಂದಳು. ಚೀಟಿಯಕ್ಕ ಕಾಗದ ಪತ್ರ ಟೈಪ್ ಮಾಡುವ ಪ್ರೋಗ್ರಾಮಿನಲ್ಲಿ ಅಂದವಾಗಿ ಬರೆದು, ಅದನ್ನು ಪುಟದೊಳಗೆ ಅಂಟಿಸಿ, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುವ ಪರೀಕ್ಷೆಯ ವೆಬ್‌ಸೈಟಿಗೆ ಕೊಟ್ಟರು. ಕೆಂಪು. ಒಂದೊಂದು ಅಕ್ಷರವನ್ನೂ ಮಾದರಿಯ ಜೊತೆ ಹೋಲಿಸಿದರು. ಮತ್ತೆ ಕೆಂಪು. ಎರಡು ದಿನ ಅದೇ ಗೋಳು. ಗ್ರಂಥಾಲಯದಲ್ಲಿ ಒಂದೂ ತಪ್ಪು ಕಾರ್ಡು ಬರೆಯದವರು ಒಂದು ಬಾಬಿನ್ ಕೇಸಿನ ಮುಂದೆ ಸೋತು ಕೂತಿದ್ದರು. ತಮ್ಮ ಬೇರೆ, ಯಂತ್ರಕ್ಕೆ ಎಣ್ಣೆ ಬಿಟ್ಟು ನೋಡು ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದ.

ಮೂರನೆಯ ದಿನ ಹುಡುಗಿ ಕೆಳಗಿಳಿದು ಬಂದು ಪರದೆಗೆ ಮೂಗು ತಾಗಿಸಿ ನೋಡಿದಳು. ತಪ್ಪು ಇದ್ದದ್ದು ಉದ್ಧರಣ ಚಿಹ್ನೆಯಲ್ಲಿ. ಯಂತ್ರಕ್ಕೆ ಬೇಕಾದದ್ದು ನೆಟ್ಟಗೆ ನಿಂತ ಚಿಹ್ನೆ. ಪತ್ರ ಬರೆಯುವ ಪ್ರೋಗ್ರಾಮು ಅಲಂಕಾರಕ್ಕೆಂದು ಅವನ್ನೆಲ್ಲ ಬಾಗಿಸಿಬಿಟ್ಟಿತ್ತು. ಚೀಟಿಯಕ್ಕ ಒಂದೊಂದನ್ನೂ ಅಳಿಸಿ ನೆಟ್ಟಗೆ ನಿಲ್ಲಿಸಿದರು. ಕೊನೆಯ ಸಾಲಿನ ತುದಿಯಲ್ಲಿ ಬೇಡದ ಅಲ್ಪವಿರಾಮವೊಂದಿತ್ತು, ಅದನ್ನೂ ತೆಗೆದರು. ಪರೀಕ್ಷೆಯ ಗುಂಡಿ ಒತ್ತಿದರು.

ಹಸಿರು.

ಅವರು ಎದ್ದು ನಿಂತ ರಭಸಕ್ಕೆ ಸ್ಟೂಲು ಉರುಳಿ ಬಿದ್ದ ಸದ್ದಿಗೆ ನಾನು ಓಡಿಹೋದೆ. ಐವತ್ತಾರರ ಹೆಂಗಸು ಇಪ್ಪತ್ತೆಂಟರ ಹುಡುಗಿಯ ಎರಡೂ ಕೈ ಹಿಡಿದುಕೊಂಡು ನಗುತ್ತಿದ್ದರು. ತಮ್ಮನೋ ಸ್ಕ್ರೂಡ್ರೈವರ್ ಹಿಡಿದು ಯಾರಿಗೆ ಏನಾಯಿತೆಂದು ನೋಡುತ್ತಿದ್ದ.

ಒಂದೊಂದನ್ನೂ ಹೀಗೆ ಕೈಯಲ್ಲಿ ಬರೆದರೆ ಜನ್ಮ ಸಾಲದು. ಅದಕ್ಕೇ ಹುಡುಗಿ ಒಂದು ಏರ್ಪಾಡು ಮಾಡಿದಳು. ಚೀಟಿಯಕ್ಕ ಒಂದು ಪಟ್ಟಿಯಲ್ಲಿ ಅಂಕಣ ಅಂಕಣವಾಗಿ ವಿವರ ತುಂಬಿದರೆ ಸಾಕು; ಕಾಣುವ ಪುಟವೂ ಒಳಚೀಟಿಯೂ ಅದರಿಂದ ತಾನಾಗಿ ತಯಾರಾಗುತ್ತವೆ. ಕೆಲಸ ಹಗುರಾಯಿತು ಅಂದುಕೊಂಡರೆ ನಿಜವಾದ ಜಗಳ ಅಲ್ಲಿ ಶುರುವಾಯಿತು.

ಯಾಕೆಂದರೆ ತಮ್ಮನ ಬಿಡಿಭಾಗಗಳಿಗೆ ಅವನೇ ಇಟ್ಟ ಹೆಸರುಗಳಿದ್ದವು. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಪಟ್ಟಿಗೆ ‘ಅತ್ತೆ ಹಲ್ಲು’. ಒಂದು ಬಗೆಯ ಬಾಗಿದ ಕೊಕ್ಕೆಗೆ ‘ಸೊಟ್ಟಮೂತಿ’. ಕೆಳಗಿನ ದಾರ ಹೊತ್ತು ಆಚೀಚೆ ಓಡುವ ಉದ್ದನೆಯ ಭಾಗಕ್ಕೆ ‘ದೋಣಿ’. ಅವನ ಪುಟದಲ್ಲಿ ಇವೂ ಇರಲಿಲ್ಲ. ಎಲ್ಲದರ ಮೇಲೂ ‘ಹಳೆ ಮೆಷಿನ್ ಪಾರ್ಟು, ಚೆನ್ನಾಗಿದೆ’ ಎಂದಷ್ಟೇ ಇತ್ತು. ಚೀಟಿಯಕ್ಕ ಪ್ರತಿಯೊಂದರ ಮೇಲೂ ತಯಾರಕರು ಕೊರೆದ ಸಂಖ್ಯೆ ಬೇಕೆಂದು ಹಟ ಹಿಡಿದರು. ನನ್ನ ಅಂಗಡಿಯಿಂದ ಭೂತಗನ್ನಡಿ ಹೋಯಿತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ತುಕ್ಕಿನ ಅಡಿಯಲ್ಲಿ ಅವಿತ ಅಂಕಿಗಳನ್ನು ಓದುವುದು. ದಿನಕ್ಕೆ ಮೂವತ್ತು, ಕೈ ಕುದುರಿದರೆ ನಲವತ್ತು.

ತಮ್ಮನಿಗೆ ಇದು ಹಿಡಿಸಲಿಲ್ಲ. ಕೈಯಲ್ಲಿ ಹಿಡಿದರೆ ನನಗೆ ಗೊತ್ತಾಗುತ್ತದೆ, ನಂಬರು ಯಾರಿಗೆ ಬೇಕು ಎಂದು ದಿನಾ ಗೊಣಗಿದ. ಒಂದು ದಿನ ಡ್ರಾಯರನ್ನು ದಡಾರನೆ ಮುಚ್ಚಿ, ನೀನು ನನ್ನ ಅಂಗಡಿಯನ್ನು ಲೈಬ್ರರಿ ಮಾಡ್ತಿದ್ದೀಯ ಎಂದುಬಿಟ್ಟ. ಚೀಟಿಯಕ್ಕ ಕೋಪಿಸಿಕೊಳ್ಳಲಿಲ್ಲ. ಭೂತಗನ್ನಡಿ ಕೆಳಗಿಟ್ಟರು.

“ನಿನ್ನ ಕೈಗೆ ಗೊತ್ತು ಕಣೋ. ನಿನ್ನ ಕೈನ ಸಾವಿರ ಮೈಲಿ ಆಚೆ ಇರೋರಿಗೆ ಕಳಿಸೋಕಾಗುತ್ತಾ? ನಿನ್ನ ಕೈಗೆ ಗೊತ್ತಿರೋದನ್ನ ಬರ್ದು ಕಳಿಸ್ತಿದ್ದೀನಿ, ಅಷ್ಟೇ.”

ಮಾರನೆಯ ದಿನ, ಸಂಖ್ಯೆ ಸವೆದುಹೋಗಿದ್ದ ಒಂದು ಸ್ಪ್ರಿಂಗನ್ನು ಚೀಟಿಯಕ್ಕ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ, ಅವನು ಬಗ್ಗಿದ ತಲೆ ಎತ್ತದೆ ಆ ಸಂಖ್ಯೆಯನ್ನು ಒಂದೇ ಉಸಿರಿಗೆ ಹೇಳಿದ. ಎಲ್ಲವೂ ಅವನಿಗೆ ಬಾಯಿಪಾಠವೇ ಇತ್ತು. ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಅಂದು ಸಂಜೆಯೊಳಗೆ ತೊಂಬತ್ತು ಮುಗಿಯಿತು. ಅವನು ಹೇಳುವುದು, ಅವರು ಬರೆಯುವುದು. ಅವನು ಇಟ್ಟ ಅಡ್ಡಹೆಸರುಗಳನ್ನೂ ಚೀಟಿಯಕ್ಕ ಬಿಡಲಿಲ್ಲ, ವಿವರಣೆಯ ಅಂಕಣದಲ್ಲಿ ಸೇರಿಸಿದರು.

ಎರಡು ತಿಂಗಳಿಗೆ ಪಟ್ಟಿ ಮುಗಿಯಿತು. ಇನ್ನೂ ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಒಂದು ಭಾಗದ ಸಂಖ್ಯೆ ಹಾಕಿ ಹುಡುಕಿದರೆ ಅವರ ಅಂಗಡಿಯ ಕೊಂಡಿ, ಅಂದರೆ ಲಿಂಕು, ಕಾಣಿಸುತ್ತಿತ್ತು, ಅದರ ಕೆಳಗೇ ಬೆಲೆ, ‘ಅಂಗಡಿಯಲ್ಲಿ ಇದೆ’ ಎಂಬ ಮಾತು, ಪಕ್ಕದಲ್ಲಿ ಪುಟ್ಟ ಫೋಟೋ. ಹುಡುಕುವ ಯಂತ್ರಕ್ಕೆ ಕೊನೆಗೂ ಅರ್ಥವಾಗಿತ್ತು. ಚೀಟಿಯಕ್ಕ ಒಂದಾದ ಮೇಲೊಂದರಂತೆ ನಲವತ್ತು ಸಂಖ್ಯೆ ಹಾಕಿ ನೋಡಿದರಂತೆ. ಆ ವಾರ ಆರು ಆರ್ಡರು ಬಂದವು, ಮುಂದಿನ ವಾರ ಹದಿನೇಳು. ಪೊಟ್ಟಣ ಕಟ್ಟುವ ಟೇಪಿನ ಕರಕರ ಸದ್ದು ನನ್ನ ಗೋಡೆಯನ್ನು ಕೊರೆಯತೊಡಗಿತು.

ಇಲ್ಲೇ ಅವರು ಎಡವಿದರು.

ಬೇರೆ ಅಂಗಡಿಗಳ ಕೊಂಡಿಯ ಕೆಳಗೆ ಹಳದಿ ನಕ್ಷತ್ರಗಳಿದ್ದವು. ಕೊಂಡವರು ಕೊಟ್ಟ ಅಂಕ. ನಮಗ್ಯಾಕಿಲ್ಲ ಎಂದು ಚೀಟಿಯಕ್ಕನಿಗೆ ಅನ್ನಿಸಿತು. ಅವರ ತಮ್ಮನ ಕೆಲಸವನ್ನು ಹೊಗಳದವರು ಯಾರಿದ್ದಾರೆ? ಅಂಗಡಿಗೆ ಬಂದು ಕೈಮುಗಿದು ಹೋದವರು ನೂರಾರು. ನೆನಪಿನಲ್ಲಿದ್ದವರನ್ನು ಎಣಿಸಿದರು, ಇನ್ನೂರ ಹದಿನಾಲ್ಕು ಮಂದಿ ಆಯಿತು. ಒಳಚೀಟಿಯಲ್ಲಿ ಇನ್ನೂರ ಹದಿನಾಲ್ಕು ಜನರ ಅಭಿಪ್ರಾಯ, ಐದಕ್ಕೆ ನಾಲ್ಕು ಮುಕ್ಕಾಲು ಎಂದು ಬರೆದೇಬಿಟ್ಟರು. ಹುಡುಗಿ ಆಗ ಊರಲ್ಲಿರಲಿಲ್ಲ. ನಕ್ಷತ್ರಗಳು ಮೂಡಿದವು. ಹತ್ತು ದಿನ ಮಿನುಗಿದವು. ಹನ್ನೊಂದನೇ ದಿನ ಹುಡುಕುವ ಯಂತ್ರದವರಿಂದ ಒಂದು ಸೂಚನೆ ಬಂತು: ನಿಮ್ಮ ಪುಟದಲ್ಲಿ ಓದುಗರಿಗೆ ಎಲ್ಲೂ ಕಾಣದ ಅಭಿಪ್ರಾಯಗಳನ್ನು ಯಂತ್ರ ಓದುವ ಸಾಲುಗಳಲ್ಲಿ ಸೇರಿಸಿದ್ದೀರಿ, ಇದು ನಿಯಮಕ್ಕೆ ವಿರುದ್ಧ. ನಕ್ಷತ್ರ ಮಾತ್ರವಲ್ಲ, ಬೆಲೆ, ಫೋಟೋ, ‘ಇದೆ’ ಎಂಬ ಮಾತು, ಎಲ್ಲವೂ ಒಟ್ಟಿಗೆ ಮಾಯವಾದವು. ಸಾವಿರದ ನೂರು ಪುಟಗಳೂ ಬರಿಗೈ.

ಅಂದು ಅವರ ಮುಖ ನೋಡಲಾಗುತ್ತಿರಲಿಲ್ಲ. ಸುಳ್ಳು ಬರೆದೆ ಎಂದು ಯಾರಾದರೂ ಅವರಿಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ನಾನು ಬರೆದದ್ದು ಸುಳ್ಳಲ್ಲವಲ್ಲ, ಹೊಗಳಿದ್ದು ನಿಜ ತಾನೇ ಎಂದು ನನ್ನ ಮುಂದೆ ವಾದಿಸಿದರು. ಊರಿಂದ ಮರಳಿದ ಹುಡುಗಿಯ ಮುಂದೆಯೂ ಅದನ್ನೇ ಹೇಳಿದರು. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಅಕ್ಕ, ಕಪಾಟಿನಲ್ಲಿ ಇಲ್ಲದ ಪುಸ್ತಕಕ್ಕೆ ನೀವು ಯಾವತ್ತಾದ್ರೂ ಕಾರ್ಡು ಬರೆದಿದ್ದೀರಾ?”

ಚೀಟಿಯಕ್ಕ ಕುರ್ಚಿ ಎಳೆದುಕೊಂಡು ಕೂತು ನಕ್ಷತ್ರದ ಸಾಲುಗಳನ್ನೆಲ್ಲ ಅಳಿಸಿದರು. ಮರುಪರಿಶೀಲನೆ ಕೇಳಿ ಬರೆಯುವ ಪತ್ರವನ್ನು ತಾವೇ ಬರೆದರು. ತಪ್ಪು ನನ್ನದು, ಜನ ಬಾಯಲ್ಲಿ ಹೇಳಿದ್ದನ್ನು ಪುಟದಲ್ಲಿ ಇರುವಂತೆ ತೋರಿಸಿದೆ, ತೆಗೆದಿದ್ದೇನೆ, ಉಳಿದ ಪುಟಗಳನ್ನೂ ಒಂದೊಂದಾಗಿ ನೋಡಿದ್ದೇನೆ, ಕಾಣುವುದಕ್ಕೂ ಬರೆದಿರುವುದಕ್ಕೂ ಈಗ ವ್ಯತ್ಯಾಸವಿಲ್ಲ. ನೆಪ ಇಲ್ಲ, ಅಲಂಕಾರ ಇಲ್ಲ. ಒಂದೊಂದಾಗಿ ನೋಡಿದ್ದೇನೆ ಎಂದು ಬರೆದದ್ದು ನಿಜವಾಗಲೆಂದು ಪತ್ರ ಕಳಿಸುವ ಮುನ್ನ ಒಂಬತ್ತು ದಿನ ಕೂತು ಎಲ್ಲವನ್ನೂ ನೋಡಿದರು. ಡ್ರಾಯರು ತೆರೆದು ಎಣಿಸಿ, ‘ಇದೆ’ ಎಂದಿದ್ದರೂ ಖಾಲಿಯಾಗಿದ್ದ ಇಪ್ಪತ್ತಮೂರನ್ನು ‘ಇಲ್ಲ’ ಎಂದು ತಿದ್ದಿದರು. ಹದಿಮೂರು ದಿನಕ್ಕೆ ಉತ್ತರ ಬಂತು, ತಡೆ ತೆಗೆದಿದ್ದೇವೆ ಎಂದು. ಚೀಟಿಯಕ್ಕ ಬೀದಿಯ ಆರೂ ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದರು. ತಪ್ಪು ಮಾಡಿದ್ದನ್ನೂ ಮುಚ್ಚಿಡದೆ ಹೇಳಿದರು.

ಅದಾಗಿ ಹದಿನೈದು ದಿನಕ್ಕೆ ಆ ಫೋನು ಬಂತು.

ಮಾತಾಡಿದವರು ಒಬ್ಬ ಹೆಂಗಸು, ಬಲು ದೂರದವರು. ಪಾದ ಸೊಟ್ಟಗಿರುವ ಮಕ್ಕಳಿಗೆ ಅಳತೆ ತೆಗೆದು ಚರ್ಮದ ಬೂಟು ಹೊಲಿಯುವವರು. ಆಸ್ಪತ್ರೆಯಿಂದ ಮಕ್ಕಳನ್ನು ಅವರಲ್ಲಿಗೇ ಕಳಿಸುತ್ತಾರಂತೆ. ಬೂಟಿನ ಒಳಗೆ ತೂರುವ ಹಾಗೆ ಉದ್ದ ಮೂತಿಯ ಹಳೆಯ ಯಂತ್ರ ಅವರದು. ಅದರೊಳಗಿನ ಒಂದು ಭಾಗ ಸೀಳಿ ನಾಲ್ಕು ತಿಂಗಳಾಗಿತ್ತು, ಹನ್ನೊಂದು ಮಕ್ಕಳು ಕಾಯುತ್ತಿದ್ದರು. ಸಂಖ್ಯೆ ಹಾಕಿ ಹುಡುಕಿದಲ್ಲೆಲ್ಲ ‘ಇಲ್ಲ’, ‘ಮುಗಿದಿದೆ’. ಆ ಬೆಳಿಗ್ಗೆ ಮೊದಲ ಬಾರಿಗೆ ಒಂದು ಕೊಂಡಿಯ ಕೆಳಗೆ ‘ಬಳಸಿದ್ದು, ಇದೆ’ ಎಂದು ಕಂಡಿತ್ತು. ಪುಟ ತೆರೆದರೆ ಒಂದೇ ಒಂದು ಉಳಿದಿದೆ ಎಂದಿತ್ತು. ನಂಬಲಾಗದೆ ಫೋನು ಮಾಡಿದ್ದರು.

“ಪುಟದಲ್ಲಿ ಇದೆ ಅಂತಿದೆ. ನಿಜವಾಗ್ಲೂ ಇದೆಯಾ?”

ಚೀಟಿಯಕ್ಕ ಇದೆ ಎಂದು ಖಂಡಿತವಾಗಿ ಹೇಳಿ, ಫೋನು ಹಿಡಿದುಕೊಂಡೇ ಎಡಗೋಡೆಯ ಡ್ರಾಯರು ಎಳೆದರು. ಖಾಲಿ.

ಫೋನಿನ ಬಾಯಿಗೆ ಅಂಗೈ ಮುಚ್ಚಿ ತಮ್ಮನನ್ನು ಕರೆದರು. ಸಂಖ್ಯೆ ಹೇಳಿದರು. ಅವನು ಕಿಟಕಿಯ ಬಳಿ ಕೂತು ಏನನ್ನೋ ಎಣ್ಣೆಯಲ್ಲಿ ಅದ್ದಿ ಅದ್ದಿ ಉಜ್ಜುತ್ತಿದ್ದ.

“ದೋಣಿ ತಾನೇ? ತುದೀಲಿ ತುಕ್ಕಿತ್ತು. ನೀನು ಬಳಸಿದ್ದು ಅಂತ ಬರ್ದಿದ್ದೀಯ, ಕೊಳ್ಳೋರು ನೋಡಿ ಮುಖ ಸಿಂಡರಿಸಬಾರ್ದಲ್ಲ” ಎಂದು ಎಣ್ಣೆಯ ಬಟ್ಟಲಿನಿಂದ ಅದನ್ನೆತ್ತಿ ಬೆಳಕಿಗೆ ಹಿಡಿದ. ಹೊಸದರಂತೆ ಹೊಳೆಯುತ್ತಿತ್ತು.

ಆ ಮಧ್ಯಾಹ್ನವೇ ಪೊಟ್ಟಣ ಹೊರಟಿತು. ಅಂಚೆಗೆ ಕೊಡಲು ತಮ್ಮ ತಾನೇ ಹೋದ, ಅಂಗಡಿ ಬಿಟ್ಟು ಕದಲದವನು. ಆರನೆಯ ದಿನ ಒಂದು ವಿಡಿಯೋ ಬಂತು. ನಾವು ನಾಲ್ವರೂ ನನ್ನ ಕೌಂಟರಿನ ಮುಂದೆ ತಲೆಗೆ ತಲೆ ತಾಗಿಸಿ ನೋಡಿದೆವು. ಮೊದಲು ಯಂತ್ರದ ಸದ್ದು. ಕಣ್ಣು ಮುಚ್ಚಿ ಅದನ್ನು ಕೇಳಿದ ತಮ್ಮ, ಸರಿಯಾಗಿ ಕೂತಿದೆ ಎಂದು ತಲೆದೂಗಿದ. ಆಮೇಲೆ ನಾಲ್ಕೈದು ವರ್ಷದ ಒಬ್ಬ ಹುಡುಗಿ, ಕಾಲಿಗೆ ಕೆಂಪು ಬೂಟು, ಗೋಡೆ ಹಿಡಿದು ನಾಲ್ಕು ಹೆಜ್ಜೆ. ಐದನೆಯದಕ್ಕೆ ಗೋಡೆ ಬಿಟ್ಟಳು. ವಿಡಿಯೋವನ್ನು ತಮ್ಮ ಮತ್ತೊಮ್ಮೆ ಹಾಕಿಸಿದ. ಮತ್ತೆ ಇನ್ನೊಮ್ಮೆ. ಚೀಟಿಯಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು; ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ, ಬೆಳಿಗ್ಗೆಯಷ್ಟೇ ನಾನು ಒರೆಸಿಕೊಟ್ಟಿದ್ದೆ.

ಬೂಟಿನವರು, ನಾಲ್ಕು ಮಾತು ಬರೆಯಬೇಕು, ಎಲ್ಲಿ ಬರೆಯಲಿ ಎಂದು ಕೇಳಿದರು. ಮಹಡಿಯ ಹುಡುಗಿ ಅವತ್ತೇ ಪುಟದ ಕೆಳಗೆ ಕೊಂಡವರು ಬರೆಯಲು ಜಾಗ ಮಾಡಿಕೊಟ್ಟಳು. ಅವರು ಬರೆದದ್ದು ಎಲ್ಲರಿಗೂ ಕಾಣುವ ಹಾಗೆ ಅಲ್ಲಿದೆ. ಒಳಚೀಟಿಯಲ್ಲಿ ಚೀಟಿಯಕ್ಕ ತುಂಬಿದ ಅಭಿಪ್ರಾಯಗಳ ಸಂಖ್ಯೆ: ಒಂದು.

ಈಗ ಅವರಿಗೆ ಐವತ್ತೆಂಟು. ಬೀದಿಯ ಅಂಗಡಿಗಳಿಗೆಲ್ಲ ಒಳಚೀಟಿ ಬರೆದುಕೊಡುವುದೇ ಕೆಲಸ. ಹುಡುಗಿಗೂ ಅವರಿಗೂ ಪಾಲುದಾರಿಕೆ. ಹೋದ ತಿಂಗಳು ನನ್ನ ಅಂಗಡಿಯ ಸರದಿ. ಒಂದು ಫ್ರೇಮು ಎತ್ತಿಕೊಂಡು ಇದರ ಮಾದರಿ ಸಂಖ್ಯೆ ಏನೆಂದು ಕೇಳಿದರು. ನೋಡಿದರೆ ಗೊತ್ತಾಗುತ್ತಲ್ಲ, ಉದ್ದ ಮುಖದವರಿಗೆ ಒಪ್ಪುವಂಥದ್ದು ಎಂದೆ. ಗೋಡೆಯಾಚೆಯಿಂದ ತಮ್ಮ ಗಹಗಹಿಸಿ ನಕ್ಕ. ಅಷ್ಟರಲ್ಲಿ ಚೀಟಿಯಕ್ಕ ಫ್ರೇಮಿನ ಕಡ್ಡಿಯ ಒಳಬದಿಗೆ ಭೂತಗನ್ನಡಿ ಹಿಡಿದು, ಸಾಸಿವೆ ಗಾತ್ರದ ಅಕ್ಷರಗಳನ್ನು ಓದಲು ಶುರು ಮಾಡಿದ್ದರು.